ಹಿಮಾಲಯನ್ 411ಕ್ಕೆ ರಾತ್ರಿ ಸವಾರಿಯ ದೀಪಗಳು: ರಿಲೇ, ವೈರಿಂಗ್ ಮತ್ತು ಗೋಡೆಯ ಮೇಲಿನ ಗೆರೆ

ಬೆಂಗಳೂರಿನಲ್ಲಿ ಕಚೇರಿ ಮುಗಿಸಿ ಸಂಜೆ ಹೊರಟು, ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ಇಳಿಯುವವರಿಗೆ ರಸ್ತೆಯ ಕಷ್ಟದ ಭಾಗವೆಲ್ಲ ಕತ್ತಲಾದ ಮೇಲೆಯೇ ಎದುರಾಗುತ್ತದೆ. ಹಾಸನದವರೆಗಿನ ಹೆದ್ದಾರಿಯಲ್ಲಿ ರಸ್ತೆಯಂಚಿನ ಬಿಳಿ ಗೆರೆ ಮತ್ತು ಪ್ರತಿಫಲಕಗಳು ಅರ್ಧ ಕೆಲಸವನ್ನು ತಾವೇ ಮಾಡಿಕೊಡುತ್ತವೆ. ಅಲ್ಲಿಂದ ಮುಂದೆ ಬಣ್ಣ ಮಾಸಿದ ಹಂಪುಗಳು, ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು, ರಸ್ತೆಯ ಮಧ್ಯದಲ್ಲಿ ಮಲಗಿದ ದನಗಳು, ಕೊನೆಗೆ ಘಾಟಿಯ ಮಂಜು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರ ಹೆಡ್‌ಲೈಟಿನಲ್ಲಿ ಇರುವುದು 60/55 ವ್ಯಾಟಿನ (ದೂರದ ಹೈ ಬೀಮಿಗೆ 60, ಹತ್ತಿರದ ಲೋ ಬೀಮಿಗೆ 55) ಎಚ್4 ಮಾದರಿಯ ಹ್ಯಾಲೊಜನ್ ಬಲ್ಬು. ಅದು ಕೆಟ್ಟ ದೀಪವೇನಲ್ಲ, ಆದರೆ ಇಷ್ಟೆಲ್ಲ ಕೆಲಸಕ್ಕೆ ಒಂದೇ ಸಾಲದು. ಆ ಕೊರತೆಯನ್ನು ತುಂಬಲು ಏನು ಮಾಡಿದೆ, ಏನನ್ನು ಬೇಕೆಂದೇ ಬಿಟ್ಟೆ ಎಂಬುದು ಈ ಬರಹದ ವಿಷಯ. ಬಂಡೀಪುರದ ರಸ್ತೆಯ ಚಿಂತೆ ಇಲ್ಲಿ ಬರುವುದಿಲ್ಲ. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ 2009ರಿಂದಲೇ ನಿರ್ಬಂಧವಿದೆ.

ಎಷ್ಟು ದೂರ ಕಾಣಬೇಕು ಎಂಬುದನ್ನು ಮೊದಲು ಲೆಕ್ಕ ಹಾಕಿಕೊಂಡರೆ ಅಂಗಡಿಯಲ್ಲಿ ಗೊಂದಲ ಕಡಿಮೆಯಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಅಡ್ಡಿಯನ್ನು ಕಂಡು, ಅದೇನೆಂದು ತಿಳಿದು, ಬ್ರೇಕಿನ ಮೇಲೆ ಬೆರಳು ಬೀಳುವಷ್ಟರಲ್ಲಿ ಒಂದೂವರೆ ಸೆಕೆಂಡು ಎಂದು ಹಿಡಿದರೂ 25 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಸಾಧಾರಣ ಸವಾರ ಹಾಕುವ ಬ್ರೇಕಿಗೆ ಇನ್ನೂ ಸುಮಾರು 24 ಮೀಟರ್ ಬೇಕು. ಒದ್ದೆ ರಸ್ತೆಯಲ್ಲಿ ಅದು 35ಕ್ಕೆ ಏರುತ್ತದೆ. ಅಂದರೆ ಒಣ ರಸ್ತೆಗೆ 50 ಮೀಟರ್, ಮಳೆಗೆ 60 ಮೀಟರ್ ದೂರದ ವಸ್ತು ಸ್ಪಷ್ಟವಾಗಿ ಕಾಣಲೇಬೇಕು. ಇದು ದೂರದ ಬೆಳಕಿನ ಕೆಲಸ. ಇನ್ನೊಂದು ಕೆಲಸ ಹತ್ತಿರದ್ದು: ತಿರುವಿನ ಒಳಬದಿ, ಡಾಂಬರು ಮುಗಿದು ಮಣ್ಣು ಶುರುವಾಗುವ ಅಂಚು, ಮೋರಿಯ ಕಟ್ಟೆ. ಈ ಎರಡನ್ನೂ ಒಂದೇ ದೀಪದಿಂದ ಪಡೆಯಲು ಹೊರಟವರು ಸಾಮಾನ್ಯವಾಗಿ ಎದುರಿನಿಂದ ಬರುವವರ ಕಣ್ಣಿಗೆ ಬೆಳಕು ಹೊಡೆಯುವ ದೀಪವನ್ನೇ ಮನೆಗೆ ತರುತ್ತಾರೆ. ನಾನು ದೂರದ ಬೆಳಕನ್ನು ಕಂಪನಿಯ ಹೆಡ್‌ಲೈಟಿನಿಂದಲೇ ಹೊರಡಿಸುವುದು, ಹತ್ತಿರದ ಮತ್ತು ಅಂಚಿನ ಬೆಳಕಿಗೆ ಮಾತ್ರ ಹೊಸ ದೀಪ ಹಾಕುವುದು ಎಂದು ತೀರ್ಮಾನಿಸಿದೆ.

ಈ ತೀರ್ಮಾನಕ್ಕೆ ಕಾನೂನೂ ಒಂದು ಕಾರಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮವು ನೋಂದಣಿ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ವಾಹನದ ಮುಂದೆ ಸ್ಪಾಟ್ ಲೈಟ್ ಅಥವಾ ಸರ್ಚ್ ಲೈಟ್ ಹಾಕುವುದನ್ನು ನಿಷೇಧಿಸುತ್ತದೆ. 106ನೇ ನಿಯಮದ ಪ್ರಕಾರ ಮುಂದಿನ ದೀಪದ ಬೆಳಕು ಕೆಳಮುಖವಾಗಿರಬೇಕು, 8 ಮೀಟರ್ ದೂರದಲ್ಲಿ ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕಬಾರದು. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಡಿ ಪ್ರಕರಣ ದಾಖಲಿಸತೊಡಗಿದ್ದಾರೆ. ದಂಡ ದೊಡ್ಡ ಮೊತ್ತವೇನಲ್ಲ. ಆದರೆ ಘಾಟಿಯ ತಿರುವಿನಲ್ಲಿ ಎದುರಿನ ಬಸ್ಸಿನ ಚಾಲಕನಿಗೆ ಎರಡು ಸೆಕೆಂಡು ಕಣ್ಣು ಕತ್ತಲಾದರೆ ಆ ಬಸ್ಸು ಬರುವುದು ನನ್ನ ಮೇಲೆಯೇ ಎಂಬುದನ್ನು ಮರೆಯುವಂತಿಲ್ಲ. ಹೀಗಾಗಿ ದೂರಕ್ಕೆ ಸೂಜಿಯಂತೆ ಚುಚ್ಚುವ ದೀಪಗಳ ಜೋಡಿಯನ್ನು ಪಟ್ಟಿಯಿಂದಲೇ ತೆಗೆದುಹಾಕಿದೆ.

ಮೊದಲ ಕೆಲಸ ಹೆಡ್‌ಲೈಟಿನದು. ಎಂಜಿನ್ ಚಾಲೂ ಇಟ್ಟು ವೇಗವನ್ನು ತುಸು ಏರಿಸಿ ಬ್ಯಾಟರಿಯ ಎರಡು ತುದಿಗಳ ನಡುವೆ ಮಲ್ಟಿಮೀಟರ್ ಹಿಡಿದಾಗ 13.6 ವೋಲ್ಟ್ ತೋರಿಸಿತು. ಅದೇ ಸ್ಥಿತಿಯಲ್ಲಿ ಬಲ್ಬಿನ ಹಿಂದೆ ತಂತಿಗಳನ್ನು ಜೋಡಿಸುವ ಪ್ಲಗ್ಗಿನೊಳಗೆ, ಅಂದರೆ ಕಪ್ಲರಿನೊಳಗೆ, ಮೀಟರಿನ ಸಪೂರ ಮೊನೆಗಳನ್ನು ತೂರಿಸಿ ಅಳೆದರೆ ಸಿಕ್ಕಿದ್ದು 12.4 ವೋಲ್ಟ್ ಮಾತ್ರ. ಉಳಿದ 1.2 ವೋಲ್ಟ್ ಇಗ್ನಿಷನ್ ಸ್ವಿಚ್, ಹ್ಯಾಂಡಲಿನ ಸ್ವಿಚ್, ಹಲವು ಕಪ್ಲರುಗಳು ಮತ್ತು ಸಪೂರ ತಂತಿಯಲ್ಲಿ ಶಾಖವಾಗಿ ಕರಗಿಹೋಗುತ್ತಿತ್ತು. ಕೇಳುವುದಕ್ಕೆ ಇದು ಅಲ್ಪ ನಷ್ಟ. ಆದರೆ ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಸಮವಾಗಿ ಏರಿಳಿಯುವುದಿಲ್ಲ. ಸುಮಾರಾಗಿ ವೋಲ್ಟೇಜಿನ 3.4ರ ಘಾತದಂತೆ ಬದಲಾಗುತ್ತದೆ. ಎಚ್4 ಬಲ್ಬು ಲೋ ಬೀಮಿನಲ್ಲಿ 1000, ಹೈ ಬೀಮಿನಲ್ಲಿ 1650 ಲ್ಯೂಮೆನ್ (ಬೆಳಕಿನ ಮೊತ್ತದ ಅಳತೆ) ಕೊಡುತ್ತದೆ ಎಂಬ ಮಾನಕ ಇರುವುದು 13.2 ವೋಲ್ಟಿಗೆ. 12.4ಕ್ಕೆ ಇಳಿದರೆ ಆ ಸಾವಿರವು ಸುಮಾರು 800 ಆಗುತ್ತದೆ. ಹೊಸ ದೀಪ ಕೊಳ್ಳುವ ಮೊದಲೇ, ಹಳೆಯ ದೀಪದ ಐದನೇ ಒಂದು ಭಾಗ ತಂತಿಯಲ್ಲೇ ಕಳೆದುಹೋಗಿತ್ತು.

ಇದಕ್ಕೆ ಪರಿಹಾರ ರಿಲೇ, ಅಂದರೆ ಒಳಗಿನ ಸುರುಳಿಗೆ ಸಣ್ಣ ಕರೆಂಟು ಕೊಟ್ಟರೆ ದೊಡ್ಡ ಕರೆಂಟಿನ ದಾರಿಯನ್ನು ತೆರೆಯುವ ಸ್ವಿಚ್ಚು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕಾರುಗಳಿಗೆಂದು ಮಾರುವ ಎಚ್4 ರಿಲೇ ವೈರಿಂಗ್ ಕಿಟ್ ಸಿಗುತ್ತದೆ. ಅದರಲ್ಲಿ ಎರಡು ಬಲ್ಬುಗಳಿಗೆ ಎರಡು ಕಪ್ಲರ್ ಇರುತ್ತವೆ. ಬೈಕಿಗೆ ಒಂದು ಸಾಕಾದ್ದರಿಂದ ಇನ್ನೊಂದರ ತಂತಿಗಳನ್ನು ಬುಡದಲ್ಲಿ ಕತ್ತರಿಸಿ ಸ್ಲೀವ್ ಹಾಕಿ ಮುಚ್ಚಿದೆ. ಕಿಟ್ಟಿನ ಗಂಡು ಪ್ಲಗ್ಗು ಬೈಕಿನ ಹಳೆಯ ಕಪ್ಲರಿಗೆ ನೇರವಾಗಿ ಕೂರುತ್ತದೆ, ಹೆಣ್ಣು ಕಪ್ಲರು ಬಲ್ಬಿಗೆ. ಕಂಪನಿಯ ವೈರಿಂಗನ್ನು ಎಲ್ಲಿಯೂ ಕತ್ತರಿಸಬೇಕಾಗಿಲ್ಲ, ಬೇಡವೆನಿಸಿದ ದಿನ ಎಲ್ಲವನ್ನೂ ಬಿಚ್ಚಿ ಮೊದಲಿನಂತೆ ಮಾಡಬಹುದು. ಕಿಟ್ಟಿನ ಜೊತೆ ಬಂದಿದ್ದ ತಂತಿ ಮಾತ್ರ ಮುಟ್ಟಿದರೆ ತಿಳಿಯುವಷ್ಟು ತೆಳುವಾಗಿತ್ತು. ಪ್ಲಾಸ್ಟಿಕ್ ಹೊದಿಕೆ ದಪ್ಪ, ಒಳಗಿನ ತಾಮ್ರ ನಾಲ್ಕೆಳೆ. ಅದನ್ನು ತೆಗೆದು 1.5 ಚದರ ಮಿಲಿಮೀಟರ್ ಆಟೋ ವೈರ್ ಹಾಕಿಕೊಂಡೆ. ಅಂಗಡಿಯವರು ಕೊಡುವ ಕಿಟ್ಟನ್ನು ಹಾಗೆಯೇ ಹಾಕುವುದಾದರೆ ಈ ಕೆಲಸಕ್ಕೆ ಅರ್ಥವೇ ಇಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನಾವು ಓಡಿಸಲು ಹೊರಟಿದ್ದೇ ತೆಳು ತಂತಿಯ ನಷ್ಟವನ್ನು.

ರಿಲೇಯ ಕಾಲುಗಳ ಸಂಖ್ಯೆಗಳು ಎಲ್ಲ ಕಂಪನಿಗಳಲ್ಲೂ ಒಂದೇ. 85 ಮತ್ತು 86 ಒಳಗಿನ ಸುರುಳಿಯ ತುದಿಗಳು, 30ಕ್ಕೆ ಬ್ಯಾಟರಿಯ ಧನ ತುದಿಯಿಂದ ಫ್ಯೂಸಿನ ಮೂಲಕ ಬರುವ ತಂತಿ, 87ರಿಂದ ಬಲ್ಬಿಗೆ. ಹಳೆಯ ಕಪ್ಲರಿನಿಂದ ಬರುವ ಕರೆಂಟು ಇನ್ನು ಮುಂದೆ ಬಲ್ಬನ್ನು ಉರಿಸುವುದಿಲ್ಲ, ಸುರುಳಿಯನ್ನು ಎಬ್ಬಿಸುತ್ತದೆ ಅಷ್ಟೆ. ಅದಕ್ಕೆ ಸುಮಾರು 150 ಮಿಲಿಆಂಪಿಯರ್ ಸಾಕು. ಲೋ ಬೀಮಿಗೆ ಒಂದು, ಹೈ ಬೀಮಿಗೆ ಒಂದು ರಿಲೇ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕೆಲವು ಬೈಕುಗಳ ಹ್ಯಾಂಡಲ್ ಸ್ವಿಚ್ಚು ಧನ ತಂತಿಯನ್ನು ಕತ್ತರಿಸುತ್ತದೆ, ಕೆಲವುಗಳಲ್ಲಿ ಅರ್ತಿಂಗ್ ಕಡೆಯನ್ನು ಕತ್ತರಿಸುತ್ತದೆ. ನಿಮ್ಮ ಬೈಕು ಯಾವ ಜಾತಿ ಎಂದು ತಿಳಿಯಲು ಮೀಟರಿನ ಕಪ್ಪು ಮೊನೆಯನ್ನು ಬ್ಯಾಟರಿಯ ಋಣ ತುದಿಗೆ ಹಿಡಿದು, ಬಲ್ಬು ಉರಿಯುತ್ತಿರುವಾಗ ಕಪ್ಲರಿನ ಸಾಮಾನ್ಯ ಕಾಲನ್ನು ಕೆಂಪು ಮೊನೆಯಿಂದ ಮುಟ್ಟಿ ನೋಡಿ. ಸೊನ್ನೆಯ ಹತ್ತಿರ ತೋರಿಸಿದರೆ ಸ್ವಿಚ್ಚು ಧನದ ಕಡೆ, 12ರ ಮೇಲೆ ತೋರಿಸಿದರೆ ಅರ್ತಿಂಗ್ ಕಡೆ. ನಾನು ಸುರುಳಿಯ ಎರಡೂ ತುದಿಗಳನ್ನು ಹಳೆಯ ಕಪ್ಲರಿನ ಕಾಲುಗಳಿಗೇ ಕೊಟ್ಟಿದ್ದರಿಂದ ಎರಡು ಬಗೆಯಲ್ಲೂ ಅದು ಕೆಲಸ ಮಾಡುತ್ತದೆ. ಆದರೆ ಹಾಗೆ ಮಾಡಬೇಕಾದರೆ ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇ ತರಬಾರದು; ಡಯೋಡ್ ಇದ್ದರೆ 85 ಮತ್ತು 86 ಅದಲುಬದಲಾದ ಕೂಡಲೇ ಕರೆಂಟು ಸುರುಳಿಯನ್ನು ಬಿಟ್ಟು ಡಯೋಡಿನಲ್ಲೇ ಹರಿಯುತ್ತದೆ. ಸುರುಳಿ ಆರುವಾಗ ಏಳುವ ವೋಲ್ಟೇಜಿನ ಚಿಮ್ಮನ್ನು ತಡೆಯಲು ಒಳಗೆ ರೆಸಿಸ್ಟರ್ ಇರುವ ರಿಲೇ ಸಿಗುತ್ತದೆ. ಅದೇ ಇಲ್ಲಿಗೆ ಸರಿ.

ಫ್ಯೂಸ್ 15 ಆಂಪಿಯರಿನದು. ಹೈ ಬೀಮ್ ಒಂದಕ್ಕೆ ನಾಲ್ಕೂವರೆ ಆಂಪಿಯರ್ ಸಾಕಾದರೂ, ಎದುರಿನವರಿಗೆ ಲೈಟ್ ಹೊಡೆದು ತೋರಿಸುವ ಪಾಸ್ ಸ್ವಿಚ್ ಒತ್ತಿದ ಗಳಿಗೆಯಲ್ಲಿ ಬಲ್ಬಿನ ಎರಡೂ ತಂತುಗಳು ಒಟ್ಟಿಗೆ ಉರಿದು ಎಂಟೂವರೆಗೆ ಏರುತ್ತದೆ. ಜೊತೆಗೆ ತಣ್ಣಗಿರುವ ತಂತು ಮೊದಲ ಕ್ಷಣ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಕೆಲಸ ಮುಗಿದ ಮೇಲೆ ಅಳೆದಾಗ ಬ್ಯಾಟರಿಯಲ್ಲಿ 13.6, ಬಲ್ಬಿನಲ್ಲಿ 13.3. ಲೆಕ್ಕದ ಪ್ರಕಾರ ಬೆಳಕು ಮೊದಲಿಗಿಂತ ಸುಮಾರು ಶೇಕಡ 27ರಷ್ಟು ಹೆಚ್ಚಾಗಬೇಕು. ಕಣ್ಣಿಗೆ ಕಂಡದ್ದು ಹೆಚ್ಚಾಗಿ ಬಣ್ಣದ ವ್ಯತ್ಯಾಸ, ಕೆಂಚು ಹಳದಿ ಹೋಗಿ ಬಿಳುಪು ಬಂದಿತ್ತು. ಬಲ್ಬಿನ ಆಯಸ್ಸು ಇದರಿಂದ ಕಡಿಮೆಯಾಗುತ್ತದೆ. ಸೀಟಿನ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಒಂದು ಎಚ್4 ಬಲ್ಬು ಇಟ್ಟುಕೊಂಡರೆ ಆ ಚಿಂತೆ ಮುಗಿಯಿತು, ಅದಕ್ಕೇನೂ ಭಾರಿ ಬೆಲೆಯಿಲ್ಲ.

ಇದೇ ಹಂತದಲ್ಲಿ ಅನೇಕರು 90/100 ವ್ಯಾಟಿನ ಬಲ್ಬನ್ನೋ ಎಚ್4 ಹೋಲ್ಡರಿಗೆ ಕೂರುವ ಎಲ್‌ಇಡಿಯನ್ನೋ ಹಾಕುತ್ತಾರೆ. ಮೊದಲನೆಯದು ಹೋಲ್ಡರನ್ನು ಕರಗಿಸುತ್ತದೆ, ಪ್ರತಿಫಲಕದ ಹೊಳಪನ್ನು ಸುಡುತ್ತದೆ. ಎರಡನೆಯದರ ತೊಂದರೆ ಬೇರೆ. ಪ್ರತಿಫಲಕದ ಆಕಾರವನ್ನು ರೂಪಿಸಿರುವುದು ಒಂದು ನಿರ್ದಿಷ್ಟ ಜಾಗದಲ್ಲಿ, ನಿರ್ದಿಷ್ಟ ಗಾತ್ರದಲ್ಲಿರುವ ತಂತುವಿಗೆ; ಲೋ ಬೀಮಿನ ತಂತುವಿನ ಕೆಳಗೆ ಬೆಳಕನ್ನು ಮರೆಮಾಡುವ ಪುಟ್ಟ ಬಟ್ಟಲೂ ಇರುತ್ತದೆ. ಎಲ್‌ಇಡಿ ಚಿಪ್ಪುಗಳು ಆ ಜಾಗದಿಂದ ಒಂದೆರಡು ಮಿಲಿಮೀಟರ್ ಆಚೀಚೆ ಇದ್ದರೂ ಗೆರೆ ಕೊಯ್ದಂತಿರಬೇಕಾದ ಬೆಳಕಿನ ಮೇಲಂಚು ಚೆದುರಿ ಎದುರಿನವರ ಕಣ್ಣಿಗೆ ಹೋಗುತ್ತದೆ. 2023ರಲ್ಲಿ ಬಂದ ಹಿಮಾಲಯನ್ 450ರಲ್ಲಿ ಕಂಪನಿಯೇ ಎಲ್‌ಇಡಿ ಹೆಡ್‌ಲೈಟ್ ಕೊಟ್ಟಿದೆ, ಆದರೆ ಅದರ ಪ್ರತಿಫಲಕವನ್ನು ಎಲ್‌ಇಡಿಗೆಂದೇ ಮಾಡಿರುವುದರಿಂದ ಅದು ಬೇರೆಯದೇ ವಿಷಯ.

ಇನ್ನು ಹೊಸ ದೀಪಗಳು. ಪೆಟ್ಟಿಗೆಯ ಮೇಲಿನ ಲ್ಯೂಮೆನ್ ಸಂಖ್ಯೆಯನ್ನು ನಂಬುವಂತಿಲ್ಲ. ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೆ ನೂರರಿಂದ ನೂರೈವತ್ತು ಲ್ಯೂಮೆನ್ ಕೊಡಬಲ್ಲದು. ಲೆನ್ಸಿನಲ್ಲಿ ಒಂದಿಷ್ಟು ಕಳೆಯುತ್ತದೆ. 40 ವ್ಯಾಟ್ ಎಂದು ಬರೆದಿದ್ದ ದೀಪವೊಂದನ್ನು ಅಂಗಡಿಯಲ್ಲೇ ಬ್ಯಾಟರಿಗೆ ಕೊಟ್ಟು ಮೀಟರನ್ನು ಸರಣಿಯಲ್ಲಿ ಹಾಕಿ ನೋಡಿದಾಗ 13.4 ವೋಲ್ಟಿನಲ್ಲಿ 1.42 ಆಂಪಿಯರ್ ಎಳೆಯಿತು, ಎಂದರೆ 19 ವ್ಯಾಟ್. ಅದರಿಂದ ಎರಡು ಸಾವಿರ ಲ್ಯೂಮೆನ್ನಿನ ಆಸುಪಾಸು ಬಂದರೆ ಹೆಚ್ಚು; ಪೆಟ್ಟಿಗೆ ಹೇಳುತ್ತಿದ್ದುದು ಹತ್ತು ಸಾವಿರ. ಹಾಗೆಂದು ಆ ದೀಪವನ್ನು ತಿರಸ್ಕರಿಸಲಿಲ್ಲ, ಕೊಂಡದ್ದು ಅದನ್ನೇ. ನನಗೆ ಬೇಕಾಗಿದ್ದುದು ಬೆಳಕಿನ ಮೊತ್ತವಲ್ಲ, ಅದರ ಆಕಾರ. ಅಂಗಡಿಯ ಹಿಂದಿನ ಕತ್ತಲೆ ಕೋಣೆಯ ಗೋಡೆಗೆ ಹಿಡಿದಾಗ ಬೆಳಕು ಎರಡೂ ಬದಿಗೆ ಹರಡಿ, ಮೇಲ್ಭಾಗದಲ್ಲಿ ಅಡ್ಡ ಗೆರೆ ಎಳೆದಂತೆ ನಿಂತಿತು. ಪಕ್ಕದಲ್ಲಿದ್ದ, ಇಮ್ಮಡಿ ಬೆಲೆಯ ದೀಪವು ಗುಂಡಗೆ ಚೆಲ್ಲಿ ಚಾವಣಿಯನ್ನೂ ಬೆಳಗಿಸಿತು. ಮೇಲಂಚಿನ ಗೆರೆಯಿಲ್ಲದ ದೀಪವನ್ನು ಎಷ್ಟು ಕೆಳಗೆ ಬಾಗಿಸಿದರೂ ಅದರ ಚೆಲ್ಲು ಬೆಳಕು ಎದುರಿನವರನ್ನು ಕಾಡುತ್ತದೆ, ಮಂಜಿನಲ್ಲಿ ನಮ್ಮನ್ನೇ ಕಾಡುತ್ತದೆ.

ಬಣ್ಣ ಹಳದಿ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ, ಆದರೆ ಅದಕ್ಕೆ ಆಧಾರ ತೀರ ತೆಳು. ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಹತ್ತಾರು ಪಟ್ಟು ದೊಡ್ಡವು. ಅಷ್ಟು ದೊಡ್ಡ ಹನಿಗಳು ಎಲ್ಲ ಬಣ್ಣಗಳನ್ನೂ ಹೆಚ್ಚು ಕಡಿಮೆ ಒಂದೇ ರೀತಿಯಲ್ಲಿ ಚೆದುರಿಸುತ್ತವೆ, ಮಂಜು ಬೆಳ್ಳಗೆ ಕಾಣುವುದೇ ಅದಕ್ಕೆ. ಹಳದಿಯ ಲಾಭ ಬೇರೆಡೆ ಇದೆ: ನೀಲಿಯ ಪಾಲು ಕಡಿಮೆಯಿರುವುದರಿಂದ ವಾಪಸು ಚೆದುರಿ ಬಂದ ಬೆಳಕು ಕಣ್ಣನ್ನು ಅಷ್ಟು ದಣಿಸುವುದಿಲ್ಲ. ಅಷ್ಟು ಸಮಾಧಾನವೂ ಘಾಟಿಯಲ್ಲಿ ಬೇಕಾದದ್ದೇ. ಬಿಳಿ ದೀಪಕ್ಕೆ ಹಳದಿ ಕ್ಯಾಪ್ ಹಾಕುವ ಬದಲು ಹಳದಿ ಎಲ್‌ಇಡಿಯೇ ಇರುವ ದೀಪವನ್ನು ಆರಿಸಿದೆ, ಏಕೆಂದರೆ ಕ್ಯಾಪ್ ನೀಲಿಯನ್ನು ಹೀರಿಕೊಳ್ಳುವುದರ ಜೊತೆಗೆ ಬೆಳಕಿನ ಮೊತ್ತವನ್ನೂ ತಗ್ಗಿಸುತ್ತದೆ, ಒಳಗೆ ಕೆಸರುನೀರು ಸೇರಿಕೊಂಡರೆ ಇನ್ನಷ್ಟು.

ದೀಪಗಳನ್ನು ಕ್ರ್ಯಾಶ್ ಗಾರ್ಡಿನ ಮುಂದಿನ ಕೊಳವೆಗೆ ಕ್ಲ್ಯಾಂಪ್ ಹಾಕಿ ಕೂರಿಸಿದೆ, ನೆಲದಿಂದ 52 ಸೆಂಟಿಮೀಟರ್ ಎತ್ತರದಲ್ಲಿ. ಮಂಜಿನ ದೀಪ ಕೆಳಗಿದ್ದಷ್ಟೂ ಒಳ್ಳೆಯದು, ಬೆಳಕಿನ ಹಾದಿಗೂ ಕಣ್ಣಿನ ಹಾದಿಗೂ ನಡುವೆ ಅಂತರ ಹೆಚ್ಚಿದಷ್ಟೂ ನಾವು ಬೆಳಗಿದ ಮಂಜಿನ ಮೂಲಕ ನೋಡುವುದು ಕಡಿಮೆಯಾಗುತ್ತದೆ. ಇನ್ನೂ ಕೆಳಗೆ ಹಾಕಿದರೆ ಮುಂಚಕ್ರ ಎರಚುವ ಕೆಸರು ಮತ್ತು ಕಲ್ಲಿನ ಭಯ. ಕ್ಲ್ಯಾಂಪಿನ ಒಳಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದರಿಂದ ಕೊಳವೆಯ ಬಣ್ಣವೂ ಉಳಿಯಿತು, ಜಾರುವುದೂ ನಿಂತಿತು. ಒಂಟಿ ಸಿಲಿಂಡರಿನ ಎಂಜಿನ್ ನಡುಗಿಸುವ ನಡುಕಕ್ಕೆ ಸಾಮಾನ್ಯ ನಟ್ಟುಗಳು ನಿಲ್ಲುವುದಿಲ್ಲ. ಎಲ್ಲೆಡೆ ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ಟು ಹಾಕಿದೆ.

ವೈರಿಂಗಿನಲ್ಲಿ ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು, ಜೋಡಿಸುವಾಗ ಅದನ್ನೇ ಕೊನೆಗೆ. ಎರಡೂ ದೀಪ ಸೇರಿ ಮೂರು ಆಂಪಿಯರಿಗಿಂತ ಕಡಿಮೆ ಎಳೆಯುವುದರಿಂದ 1 ಚದರ ಮಿಲಿಮೀಟರ್ ತಂತಿ, 5 ಆಂಪಿಯರ್ ಫ್ಯೂಸು ಸಾಕಾಯಿತು. ಹೋಗಿ ಬರುವ ತಂತಿಯ ಉದ್ದ 4 ಮೀಟರ್ ಎಂದು ಹಿಡಿದರೂ ನಷ್ಟ 0.2 ವೋಲ್ಟಿನಷ್ಟು ಮಾತ್ರ. ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇಟ್ಟೆ. ಫ್ಯೂಸು ಕಾಯುವುದು ತನ್ನ ಮುಂದಿನ ತಂತಿಯನ್ನು ಮಾತ್ರ, ಬ್ಯಾಟರಿಗೂ ಅದಕ್ಕೂ ನಡುವೆ ಇರುವ ತುಂಡಿಗೆ ಯಾವ ರಕ್ಷಣೆಯೂ ಇಲ್ಲ. ಟ್ಯಾಂಕಿನ ಕೆಳಗೆ ತಂತಿ ದಾಟಿಸಲು, ಟ್ಯಾಂಕಿನ ಹಿಂಬದಿಯ ಬೋಲ್ಟ್ ಬಿಚ್ಚಿ ತುಸು ಎತ್ತಿ, ಮೊದಲು ಬಾಗುವ ಗಟ್ಟಿ ತಂತಿಯೊಂದನ್ನು ಕಂಪನಿಯ ವೈರಿಂಗಿನ ಪಕ್ಕದಲ್ಲೇ ತೂರಿಸಿ, ಅದರ ತುದಿಗೆ ಹೊಸ ತಂತಿಗಳನ್ನು ಟೇಪಿನಿಂದ ಕಟ್ಟಿ ಎಳೆದೆ. ಅರ್ತಿಂಗನ್ನು ಚಾಸಿಗೆ ಕೊಡದೆ ಬ್ಯಾಟರಿಯ ಋಣ ತುದಿಗೇ ತಂದೆ, ಕ್ರ್ಯಾಶ್ ಗಾರ್ಡಿನ ಬಣ್ಣದ ಮೇಲೆ ಅರ್ತಿಂಗ್ ನಂಬಿದರೆ ಮಳೆಗಾಲದಲ್ಲಿ ದೀಪ ಮಿಣುಕತೊಡಗುತ್ತದೆ.

ಈ ದೀಪಗಳ ರಿಲೇಯನ್ನು ಎಬ್ಬಿಸುವ ಕರೆಂಟನ್ನು ಲೋ ಬೀಮಿನ ಹಳೆಯ ಕಪ್ಲರಿನಿಂದ ತೆಗೆದು, ಹ್ಯಾಂಡಲಿನ ಮೇಲೆ ಹಾಕಿದ ಸಣ್ಣ ಸ್ವಿಚ್ಚಿನ ಮೂಲಕ ಹಾಯಿಸಿದೆ. ಇದರಿಂದ ಎರಡು ಅನುಕೂಲಗಳಿವೆ. ಬೈಕಿನ ಕೀಲಿ ಆಫ್ ಮಾಡಿದರೆ ದೀಪ ತಾನಾಗಿ ಆರುತ್ತದೆ, 8 ಆಂಪಿಯರ್-ಅವರಿನ ಚಿಕ್ಕ ಬ್ಯಾಟರಿ ಬರಿದಾಗುವ ಭಯವಿಲ್ಲ. ಹೈ ಬೀಮ್ ಹಾಕಿದ ಕೂಡಲೇ ಹಳದಿ ದೀಪ ಆರುತ್ತದೆ. ಎರಡನೆಯದನ್ನು ಕೇಳಿದವರೆಲ್ಲ ವಿಚಿತ್ರವೆಂದರು, ಆದರೆ ಬೇಕೆಂದೇ ಹಾಗೆ ಮಾಡಿದ್ದು. ಬೈಕಿನ ಮೂಗಿನ ಮುಂದಿನ ಹದಿನೈದು ಮೀಟರ್ ಪ್ರಖರವಾಗಿ ಬೆಳಗಿದರೆ ಕಣ್ಣಿನ ಪಾಪೆ ಆ ಬೆಳಕಿಗೆ ಹೊಂದಿಕೊಂಡು ಕಿರಿದಾಗುತ್ತದೆ, ಆಗ ಅರವತ್ತು ಮೀಟರಿನಾಚೆಯ ಮಬ್ಬು ವಸ್ತು ಕಾಣದಂತಾಗುತ್ತದೆ. ಹತ್ತಿರ ಜಗಜಗ ಇದ್ದಾಗ ಸವಾರನಿಗೆ ಚೆನ್ನಾಗಿ ಕಾಣುತ್ತಿದೆ ಎಂಬ ಭಾವನೆ ಬರುತ್ತದೆ, ವೇಗವೂ ಏರುತ್ತದೆ, ನಿಜವಾಗಿ ಕಾಣುವ ದೂರ ಮಾತ್ರ ಕುಗ್ಗಿರುತ್ತದೆ. ನೇರ ರಸ್ತೆಯಲ್ಲಿ ಹೈ ಬೀಮ್ ಒಂದೇ ಉರಿಯುವುದು ಮೇಲು.

ಜೋಡಣೆಗಳಿಗೆ ಸೋಲ್ಡರ್ ಬಳಸಲಿಲ್ಲ. ಕರಗಿದ ಸೀಸ ತಂತಿಯ ಎಳೆಗಳ ನಡುವೆ ಏರಿ ಒಂದು ಗಟ್ಟಿ ಕಡ್ಡಿಯಾಗುತ್ತದೆ, ನಡುಕಕ್ಕೆ ಆ ಕಡ್ಡಿ ಮುಗಿಯುವ ಜಾಗದಲ್ಲೇ ಎಳೆಗಳು ತುಂಡಾಗುತ್ತವೆ. ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ (ತಂತಿಯ ಮೇಲೆ ಲೋಹದ ತುದಿಯನ್ನು ಒತ್ತಿ ಬಿಗಿದು), ಒಳಗೆ ಅಂಟು ಇರುವ ಸ್ಲೀವನ್ನು ಬಿಸಿಗಾಳಿಯಿಂದ ಬಿಗಿಸಿದರೆ ಅದೇ ಹೆಚ್ಚು ಬಾಳುತ್ತದೆ. ಸ್ಲೀವಿನ ಎರಡೂ ತುದಿಯಲ್ಲಿ ಅಂಟು ಜಿನುಗಿ ಕೂದಲೆಳೆಯಷ್ಟು ಉಂಗುರ ಕಂಡರೆ ಮುಚ್ಚಿದೆ ಎಂದರ್ಥ, ಕಾಣದಿದ್ದರೆ ಇನ್ನೊಮ್ಮೆ ಬಿಸಿ ಮಾಡಬೇಕು. ದೀಪದ ಬಳಿ ರಬ್ಬರ್ ಸೀಲ್ ಇರುವ ಕಪ್ಲರ್ ಹಾಕಿದೆ, ಕ್ರ್ಯಾಶ್ ಗಾರ್ಡ್ ಬಿಚ್ಚಬೇಕಾದಾಗ ತಂತಿ ಕತ್ತರಿಸುವ ಪ್ರಮೇಯ ಬರುವುದಿಲ್ಲ. ರಿಲೇಗಳನ್ನು ಕಾಲು ಕೆಳಮುಖವಾಗಿ ನಿಲ್ಲಿಸಿದೆ. ಕೊನೆಗೆ ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ಸ್ವಿಚ್ಚಿನ ತಂತಿ ಎಲ್ಲಿಯೂ ಬಿಗಿಯುವುದಿಲ್ಲ, ಸ್ಟಿಯರಿಂಗ್ ತಡೆಯ ನಡುವೆ ಸಿಕ್ಕುವುದಿಲ್ಲ ಎಂದು ನೋಡಿಕೊಂಡೆ.

ದೀಪ ಕೂರಿಸುವುದಕ್ಕಿಂತ ಅದರ ಕೋನ ಹೊಂದಿಸುವುದಕ್ಕೇ ನನಗೆ ಹೆಚ್ಚು ಹೊತ್ತು ಹಿಡಿಯಿತು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಸಮತಟ್ಟು ನೆಲದಲ್ಲಿ, ಗೋಡೆಯಿಂದ 8 ಮೀಟರ್ ದೂರಕ್ಕೆ ಬೈಕು ನಿಲ್ಲಿಸಿದೆ. ಟೈರಿನ ಗಾಳಿ ಸರಿಯಿರಬೇಕು, ಬೈಕು ನೆಟ್ಟಗಿರಬೇಕು, ಸವಾರ ಮೇಲೆ ಕುಳಿತಿರಬೇಕು. ಸೈಡ್ ಸ್ಟ್ಯಾಂಡಿನ ಮೇಲೆ ಓರೆಯಾಗಿ ನಿಂತ ಬೈಕಿನ ದೀಪ ಹೊಂದಿಸುವುದು ವ್ಯರ್ಥ. ಗೋಡೆಯ ಮೇಲೆ ಮಾಸ್ಕಿಂಗ್ ಟೇಪಿನ ಗೆರೆಗಳನ್ನು ಅಂಟಿಸಿದೆ. ನನ್ನ ಹೆಡ್‌ಲೈಟಿನ ನಡುಮಧ್ಯ ನೆಲದಿಂದ 98 ಸೆಂಟಿಮೀಟರ್. ಲೋ ಬೀಮ್ ನೂರಕ್ಕೆ ಒಂದರಂತೆ ಇಳಿಯಬೇಕೆಂದರೆ 8 ಮೀಟರಿನಲ್ಲಿ ಮೇಲಂಚು 8 ಸೆಂಟಿಮೀಟರ್ ತಗ್ಗಿ 90ಕ್ಕೆ ಬರಬೇಕು. ಆಗ ಅದು ನೆಲ ಮುಟ್ಟುವುದು 98 ಮೀಟರಿನಲ್ಲಿ. ಹಳದಿ ದೀಪಕ್ಕೆ ನೂರಕ್ಕೆ ಎರಡರ ಇಳಿಜಾರು ಕೊಟ್ಟೆ. 52ರಿಂದ 16 ಕಳೆದು 36 ಸೆಂಟಿಮೀಟರಿನ ಗೆರೆ, ನೆಲ ಮುಟ್ಟುವುದು 26 ಮೀಟರಿನಲ್ಲಿ. ಎರಡನ್ನೂ ಹೊರಮುಖವಾಗಿ ಸುಮಾರು ಐದು ಡಿಗ್ರಿ ತಿರುಗಿಸಿದೆ.

ಲಗೇಜಿನ ಲೆಕ್ಕವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಹಿಮಾಲಯನ್ 411ರ ಎರಡು ಚಕ್ರಗಳ ನಡುವಿನ ಅಂತರ 1465 ಮಿಲಿಮೀಟರ್. ಹಿಂದೆ ಕೂತವರ ಮತ್ತು ಚೀಲಗಳ ಭಾರಕ್ಕೆ ಹಿಂಭಾಗವು ಮುಂಭಾಗಕ್ಕಿಂತ ಕೇವಲ 25 ಮಿಲಿಮೀಟರ್ ಹೆಚ್ಚು ಕುಸಿದರೂ ಇಡೀ ಬೈಕು ನೂರಕ್ಕೆ 1.7ರಷ್ಟು ಮೇಲಕ್ಕೆ ಮುಖ ಮಾಡುತ್ತದೆ. 180 ಮಿಲಿಮೀಟರ್ ಚಲನೆಯಿರುವ ಹಿಂದಿನ ಸಸ್ಪೆನ್ಷನ್ನಿಗೆ 25 ಏನೂ ಅಲ್ಲ. ಅಷ್ಟಕ್ಕೇ ಗೋಡೆಯ ಮೇಲಿನ ಗೆರೆ ಹದಿಮೂರು ಸೆಂಟಿಮೀಟರಿಗೂ ಹೆಚ್ಚು ಏರುತ್ತದೆ. ನೂರಕ್ಕೆ ಒಂದರಂತೆ ಕೆಳಗೆ ನೋಡುತ್ತಿದ್ದ ಲೋ ಬೀಮ್ ಈಗ ಆಕಾಶದ ಕಡೆ ನೋಡುತ್ತಿರುತ್ತದೆ. ಎದುರಿನಿಂದ ಬರುವವರು ಪದೇ ಪದೇ ಲೈಟ್ ಹೊಡೆದು ಎಚ್ಚರಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಆದ್ದರಿಂದ ಚೀಲಗಳನ್ನು ಕಟ್ಟಿ, ಹಿಂದಿನ ಸ್ಪ್ರಿಂಗನ್ನು ಒಂದೆರಡು ಹಲ್ಲು ಬಿಗಿ ಮಾಡಿ, ಆ ಸ್ಥಿತಿಯಲ್ಲಿ ಮತ್ತೊಮ್ಮೆ ಗೆರೆ ನೋಡಿ ಹೊಂದಿಸಿದೆ. ಒಬ್ಬನೇ ಖಾಲಿ ಬೈಕಿನಲ್ಲಿ ಹೋಗುವಾಗ ಬೆಳಕು ತುಸು ತಗ್ಗಿರುತ್ತದೆ, ಪರವಾಗಿಲ್ಲ.

ಎಲ್ಲ ದೀಪ ಹಾಕಿ ಐಡಲಿನಲ್ಲಿ ನಿಲ್ಲಿಸಿದಾಗ ಬ್ಯಾಟರಿಯಲ್ಲಿ 13.3 ವೋಲ್ಟ್, ಎಂಜಿನ್ ವೇಗ ಏರಿಸಿದಾಗ 14ರ ಮೇಲೆ. ಐಡಲಿನಲ್ಲೇ 12.8ಕ್ಕಿಂತ ಕೆಳಗೆ ಇಳಿದಿದ್ದರೆ ಎಂಜಿನ್ನಿನ ಓಟದಿಂದ ಕರೆಂಟು ಉತ್ಪಾದಿಸುವ ಆಲ್ಟರ್ನೇಟರಿಗೆ ಭಾರ ಹೆಚ್ಚಾಯಿತು ಎಂದು ತಿಳಿಯಬೇಕಾಗಿತ್ತು.

ಘಾಟಿಯ ತಿರುವುಗಳಲ್ಲಿ ವ್ಯತ್ಯಾಸ ಢಾಳಾಗಿ ಕಂಡಿತು. ಬೈಕು ಎಡಕ್ಕೆ ವಾಲಿದಾಗ ಹೆಡ್‌ಲೈಟಿನ ಮೇಲಂಚೂ ಎಡಕ್ಕೆ ವಾಲುತ್ತದೆ, ಹಾಗಾಗಿ ತಿರುವಿನ ಒಳಬದಿ, ಅಂದರೆ ನಾವು ಹೋಗಬೇಕಾದ ಜಾಗವೇ, ಕತ್ತಲಾಗಿ ಉಳಿಯುತ್ತದೆ. ಹೊರಮುಖವಾಗಿ ತಿರುಗಿಸಿದ ಹಳದಿ ದೀಪ ಆ ಜಾಗವನ್ನು ತುಂಬುತ್ತದೆ. ಚರಂಡಿಯ ಅಂಚು, ಮಳೆಗೆ ಕೊಚ್ಚಿಬಂದ ಜಲ್ಲಿ, ತಡೆಗೋಡೆಯ ಬುಡ ಮೊದಲೇ ಗೊತ್ತಾಗುತ್ತವೆ. ಕೊಟ್ಟಿಗೆಹಾರದ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಮುಂದೆ ಬಿಳಿ ಗೋಡೆ. ಲೋ ಬೀಮ್ ಮತ್ತು ಹಳದಿ ದೀಪ ಸೇರಿದರೆ ಎಡಗಡೆಯ ಬಿಳಿ ಗೆರೆ ಹದಿನೈದಿಪ್ಪತ್ತು ಮೀಟರ್ ಕಾಣುತ್ತದೆ, ಅದಕ್ಕೆ ತಕ್ಕ ವೇಗ 25ರ ಆಚೀಚೆ. ನಿಜವಾಗಿ ಅಲ್ಲಿ ಹೆಡ್‌ಲೈಟನ್ನು ಪೂರ್ತಿ ಆರಿಸಿ ಹಳದಿ ದೀಪವೊಂದರಲ್ಲೇ ಸಾಗಿದರೆ ಇನ್ನೂ ಸ್ಪಷ್ಟವಾಗಿ ಕಾಣಬೇಕು. ಆದರೆ 2017ರ ಏಪ್ರಿಲಿನಿಂದ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ಸದಾ ಉರಿಯುವುದು ಕಡ್ಡಾಯವಾಗಿರುವುದರಿಂದ ಆರಿಸುವ ಸ್ವಿಚ್ಚೇ ಇಲ್ಲ. ರಿಲೇ ಹಾಕಿ ಹೆಡ್‌ಲೈಟಿನ ಬೆಳಕು ಹೆಚ್ಚಿಸಿದ್ದು ಮಂಜಿನ ಮಟ್ಟಿಗೆ ತುಸು ನಷ್ಟವೇ. ಉಳಿದ ಇಡೀ ದಾರಿಯ ಲಾಭದ ಮುಂದೆ ಅದನ್ನು ಒಪ್ಪಿಕೊಂಡಿದ್ದೇನೆ.

ಮಳೆಗಾಲದ ಕೊನೆಯಲ್ಲಿ ಬಿಚ್ಚಿ ನೋಡಿದಾಗ ಎಡದೀಪದ ಗಾಜಿನ ಒಳಮೈಯಲ್ಲಿ ತೆಳುವಾದ ಹಬೆ ಕಟ್ಟಿತ್ತು. ಇಂಥ ದೀಪಗಳ ಮೇಲೆ ಬರೆಯುವ ಐಪಿ67 ಎಂಬ ಗುರುತು ಎಂದರೆ 1 ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ನೀರು ಒಳಹೋಗದು ಎಂದರ್ಥ. ಬಿಸಿಯಾದ ದೀಪದ ಮೇಲೆ ತಣ್ಣನೆಯ ಮಳೆ ಸುರಿದು ಒಳಗಿನ ಗಾಳಿ ಕುಗ್ಗಿದಾಗ ತಂತಿಯ ಬುಡದಿಂದ ತೇವ ಎಳೆದುಕೊಳ್ಳುವುದು ಬೇರೆ ಮಾತು. ದೀಪವನ್ನು ಅರ್ಧ ಗಂಟೆ ಉರಿಸಿ ಒಣಗಿಸಿ, ತಂತಿ ಒಳಹೋಗುವ ಗ್ರೋಮೆಟಿನ ಸುತ್ತ ಸಿಲಿಕೋನ್ ಹಚ್ಚಿದೆ, ಹಿಂಬದಿಯ ಗಾಳಿಯಾಡುವ ಪುಟ್ಟ ಪೊರೆಯನ್ನು ಮಾತ್ರ ಮುಚ್ಚಲಿಲ್ಲ. ಬಲಗಡೆಯ ಕ್ಲ್ಯಾಂಪು ಕಾಲು ಸುತ್ತಿನಷ್ಟು ಸಡಿಲವಾಗಿತ್ತು, ಬಿಗಿ ಮಾಡಿದೆ. ಬಿಗಿ ಮಾಡುವಾಗ ದೀಪ ಅಲುಗಿದ್ದರಿಂದ ಮತ್ತೆ ಗೋಡೆಯ ಮುಂದೆ ನಿಲ್ಲಿಸಿ ಗೆರೆಗೆ ತಂದೆ. ಅದಾದ ಮೇಲೆ ಕ್ಲ್ಯಾಂಪಿಗೂ ಕೊಳವೆಗೂ ಸೇರಿಸಿ ಬಿಳಿ ಬಣ್ಣದ ಪೆನ್ನಿನಿಂದ ಒಂದು ಗುರುತು ಎಳೆದಿದ್ದೇನೆ; ಗುರುತು ಎರಡು ತುಂಡಾಗಿ ಕಂಡರೆ ದೀಪ ಜರುಗಿದೆ ಎಂದು ಪೆಟ್ರೋಲ್ ಬಂಕಿನಲ್ಲಿ ನಿಂತಾಗಲೇ ತಿಳಿಯುತ್ತದೆ.